ಐಇಎಲ್‌ಟಿಎಸ್ ತಯಾರಿ: ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನ ಜಿಲ್ಲೆಯ ಹಳ್ಳಿಯವನು. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಈ ಪರೀಕ್ಷೆ ಎರಡು ಸಲ ಬರೆದಿದ್ದೇನೆ, ಮೊದಲ ಸಲ ಮುಗ್ಗರಿಸಿದ್ದೇನೆ. ಆಮೇಲೆ ಊರಿನ ಹುಡುಗರು, ಚಿಕ್ಕಪ್ಪನ ಮಕ್ಕಳು, ಅವರ ರೂಮ್‌ಮೇಟ್‌ಗಳು, ಆ ರೂಮ್‌ಮೇಟ್‌ಗಳ ಅಕ್ಕಂದಿರು ಎಲ್ಲರೂ ಫೋನ್ ಮಾಡಿ ಕೇಳಿದ್ದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಂದೇ ಕಡೆ ಬರೆದಿಟ್ಟೆ.

ಇದು ಏನು ಪರೀಕ್ಷೆ? ಯಾರು ನಡೆಸುತ್ತಾರೆ?

ಓದಲು, ಕೆಲಸ ಮಾಡಲು ಹೊರದೇಶಕ್ಕೆ ಹೋಗುವವರಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡುವ ಪರೀಕ್ಷೆ. ಪೂರ್ತಿ ಹೆಸರು ಇಂಟರ್‌ನ್ಯಾಷನಲ್ ಇಂಗ್ಲಿಷ್ ಲ್ಯಾಂಗ್ವೇಜ್ ಟೆಸ್ಟಿಂಗ್ ಸಿಸ್ಟಮ್. ಅಷ್ಟುದ್ದ ಯಾರೂ ಹೇಳುವುದಿಲ್ಲ. ಎಲ್ಲರ ಬಾಯಲ್ಲೂ ಅದು ಐಯೆಲ್ಟ್ಸ್, ನಾನೂ ಹಾಗೇ ಬರೆಯುತ್ತೇನೆ. 1989ರಿಂದ ಈ ಹೆಸರಲ್ಲಿ ನಡೆಯುತ್ತಿದೆ. ಬ್ರಿಟಿಷ್ ಕೌನ್ಸಿಲ್, ಆಸ್ಟ್ರೇಲಿಯಾದ ಐಡಿಪಿ ಕಂಪನಿ, ಕೇಂಬ್ರಿಡ್ಜ್ ಯೂನಿವರ್ಸಿಟಿಯ ಪರೀಕ್ಷಾ ವಿಭಾಗ ಮೂವರೂ ಸೇರಿ ಇದರ ಮಾಲೀಕರು. ಭಾರತದಲ್ಲಿ ಮೊದಲು ಬ್ರಿಟಿಷ್ ಕೌನ್ಸಿಲ್ ಕೂಡ ನಡೆಸುತ್ತಿತ್ತು, 2021ರಲ್ಲಿ ಅದು ಇಲ್ಲಿನ ಐಯೆಲ್ಟ್ಸ್ ವ್ಯವಹಾರವನ್ನು ಐಡಿಪಿಗೆ ಮಾರಿತು. "ಒಬ್ಬರದ್ದು ಸುಲಭ, ಇನ್ನೊಬ್ಬರದ್ದು ಕಷ್ಟ" ಅಂತ ಈಗಲೂ ಹೇಳುವ ಅಣ್ಣಂದಿರು ಸಿಗುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ.

ನಾಲ್ಕು ಭಾಗ. ಲಿಸನಿಂಗ್ ಸುಮಾರು 30 ನಿಮಿಷ, ರೀಡಿಂಗ್ 60, ರೈಟಿಂಗ್ 60, ಸ್ಪೀಕಿಂಗ್ 11ರಿಂದ 14 ನಿಮಿಷ. ಮೊದಲ ಮೂರು ಒಂದೇ ಕೂರುವಿಕೆಯಲ್ಲಿ ಮುಗಿಯುತ್ತವೆ. ಸ್ಪೀಕಿಂಗ್ ಬೇರೆ ದಿನವೂ ಬೀಳಬಹುದು.

ಅಕಾಡೆಮಿಕ್ ಬರೆಯಬೇಕಾ, ಜನರಲ್ ಬರೆಯಬೇಕಾ?

ಡಿಗ್ರಿ ಓದಲು ಹೋಗುವವರಿಗೆ ಅಕಾಡೆಮಿಕ್. ಪಿಆರ್ (ಅಲ್ಲೇ ಕಾಯಂ ನೆಲೆಸುವ ಅನುಮತಿ), ಕೆಲಸದ ವಲಸೆ ಅಂತ ಹೋಗುವವರಿಗೆ ಹೆಚ್ಚಾಗಿ ಜನರಲ್ ಟ್ರೇನಿಂಗ್. ಲಿಸನಿಂಗ್, ಸ್ಪೀಕಿಂಗ್ ಎರಡಕ್ಕೂ ಒಂದೇ. ರೀಡಿಂಗ್ ಮತ್ತು ರೈಟಿಂಗ್ ಮಾತ್ರ ಬೇರೆ.

ಇದನ್ನು ಬುಕ್ ಮಾಡುವ ಮೊದಲೇ ಖಾತ್ರಿ ಮಾಡಿಕೊಳ್ಳಿ. ನನಗೆ ಗೊತ್ತಿರುವ ಒಬ್ಬ ಹುಡುಗ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಅನ್ನುವ ವಲಸೆ ದಾರಿಗೆ ಅಂತ ಅಕಾಡೆಮಿಕ್ ಬರೆದು, ಒಳ್ಳೇ ಸ್ಕೋರ್ ತಗೊಂಡು, ಊರಿಗೆಲ್ಲ ಸ್ವೀಟ್ ಹಂಚಿದ ಮೇಲೆ ಅಲ್ಲಿ ಜನರಲ್ ಮಾತ್ರ ನಡೆಯುವುದು ಅಂತ ತಿಳಿಯಿತು. ಫೀಸು 17 ಸಾವಿರ ದಾಟಿದೆ ಸ್ವಾಮಿ, ಸ್ವೀಟಿನ ಖರ್ಚು ಬೇರೆ.

ಪಿಟಿಇ, ಡ್ಯುಯೊಲಿಂಗೊ ಥರದ ಬೇರೆ ಇಂಗ್ಲಿಷ್ ಪರೀಕ್ಷೆಗಳು ಸುಲಭ ಅಂತಾರಲ್ಲ?

ಪಿಟಿಇ ಪೂರ್ತಿ ಕಂಪ್ಯೂಟರ್ ಮುಂದೆ, ಮೈಕ್‌ಗೆ ಮಾತಾಡಬೇಕು, ಅಂಕ 10ರಿಂದ 90. ಡ್ಯುಯೊಲಿಂಗೊ ಮನೆಯಲ್ಲೇ ಕೂತು ಸುಮಾರು ಒಂದು ಗಂಟೆಯಲ್ಲಿ ಮುಗಿಸಬಹುದು, ಆದರೆ ಎಲ್ಲ ಕಡೆ ಒಪ್ಪುವುದಿಲ್ಲ. ಮನುಷ್ಯರ ಎದುರು ಮಾತಾಡಲು ಕೈ ನಡುಗುವವರಿಗೆ ಪಿಟಿಇ ಹಿತ ಅನಿಸಬಹುದು. ನನಗೆ ಮೈಕ್‌ಗಿಂತ ಮನುಷ್ಯನೇ ವಾಸಿ. ಎದುರಿನವರು ತಲೆ ಆಡಿಸಿದರೆ ಎರಡು ಮಾತು ಜಾಸ್ತಿ ಬರುತ್ತದೆ.

ನರ್ಸ್‌ಗಳಿಗೆ, ಡಾಕ್ಟರ್‌ಗಳಿಗೆ ಒಇಟಿ ಅಂತ ಇನ್ನೊಂದಿದೆ, ಪ್ರಶ್ನೆಗಳೆಲ್ಲ ಆಸ್ಪತ್ರೆಗೆ ಸಂಬಂಧಪಟ್ಟವೇ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಎರಡನ್ನೂ ಒಪ್ಪುತ್ತದೆ. ಐಯೆಲ್ಟ್ಸ್ ಆದರೆ ರೈಟಿಂಗ್‌ನಲ್ಲಿ 6.5, ಉಳಿದ ಮೂರರಲ್ಲಿ 7 ಕೇಳುತ್ತಾರೆ. ದಿನಾ ವಾರ್ಡ್‌ನಲ್ಲಿ ಕೇಸ್ ಶೀಟ್ ಬರೆಯುವವರು ಒಇಟಿ ಮಾದರಿ ಪೇಪರ್ ಒಂದು ಸಲ ನೋಡಿ. ಹವಾಮಾನ ಬದಲಾವಣೆ ಬಗ್ಗೆ ಪ್ರಬಂಧ ಬರೆಯುವುದಕ್ಕಿಂತ ಪೇಷಂಟ್ ಬಗ್ಗೆ ರೆಫರಲ್ ಲೆಟರ್ ಬರೆಯುವುದು ನಿಮಗೆ ಹತ್ತಿರದ ಕೆಲಸ.

ಪಾಸ್ ಆಗಲು ಎಷ್ಟು ಬೇಕು?

ಪಾಸ್, ಫೇಲ್ ಇಲ್ಲಿಲ್ಲ. 0ರಿಂದ 9ರವರೆಗೆ ಬ್ಯಾಂಡ್, ಮಧ್ಯೆ ಅರ್ಧರ್ಧ. ನಾಲ್ಕರ ಸರಾಸರಿ ತೆಗೆದು ಹತ್ತಿರದ ಅರ್ಧಕ್ಕೆ ತರುತ್ತಾರೆ, .25 ಬಂದರೆ ಅರ್ಧಕ್ಕೆ ಏರುತ್ತದೆ, .75 ಬಂದರೆ ಮುಂದಿನ ಪೂರ್ತಿ ಅಂಕಿಗೆ.

ಎಷ್ಟು ಬೇಕು ಅನ್ನುವುದು ನೀವು ಹೋಗುವ ಕಡೆಯವರು ಹೇಳುವ ಮಾತು. ಇಲ್ಲೊಂದು ಗುಂಡಿ ಇದೆ, ನಾನು ಬಿದ್ದದ್ದು ಅದರಲ್ಲೇ. ಮೊದಲ ಸಲ ನನ್ನ ಲಿಸನಿಂಗ್ 7.5, ರೀಡಿಂಗ್ 7, ಸ್ಪೀಕಿಂಗ್ 6.5, ರೈಟಿಂಗ್ 6. ಕೂಡಿಸಿದರೆ 27, ನಾಲ್ಕರಿಂದ ಭಾಗಿಸಿದರೆ 6.75, ಒಟ್ಟು ಬ್ಯಾಂಡ್ 7. ಮನೆಗೆ ಫೋನ್ ಮಾಡಿ "ಅಪ್ಪಾ, ಏಳು ಬಂತು" ಅಂದೆ. ಸಂಜೆ ಯೂನಿವರ್ಸಿಟಿಯ ಪುಟ ಇನ್ನೊಂದು ಸಲ ತೆರೆದು ನೋಡಿದರೆ, ಒಟ್ಟು 6.5, ಯಾವ ಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು ಅಂತಿತ್ತು. ಆ ಎರಡನೇ ಸಾಲನ್ನು ನಾನು ಮೊದಲು ಓದಿಯೇ ಇರಲಿಲ್ಲ. ಇಂಗ್ಲಿಷ್ ರೀಡಿಂಗ್‌ನಲ್ಲಿ 7 ತಗೊಂಡವನು ಇಂಗ್ಲಿಷ್ ಸಾಲು ಓದದೆ ಕೆಟ್ಟ!

ಕೆನಡಾಗೆ ಹೋಗುವವರು ಸಿಎಲ್‌ಬಿ 9 ಅನ್ನುವ ಮಾತು (ಭಾಷೆ ಅಳೆಯಲು ಕೆನಡಾದವರದೇ ಮಟ್ಟ) ಕೇಳಿರುತ್ತೀರಿ. ಅದಕ್ಕೆ ಲಿಸನಿಂಗ್‌ನಲ್ಲಿ 8, ಮಿಕ್ಕ ಮೂರರಲ್ಲಿ ತಲಾ 7. ಮೂರರಲ್ಲಿ 8 ಬಂದು ರೈಟಿಂಗ್ 6.5 ಆದರೂ ಅದು ಕೈ ತಪ್ಪಿತು ಅಂತಲೇ ಅರ್ಥ.

ಕನ್ನಡ ಮೀಡಿಯಂನವರಿಗೆ ಆಗುತ್ತದಾ?

ಆಗುತ್ತದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಪಟಪಟ ಮಾತಾಡಿ 6ಕ್ಕೆ ನಿಂತಿದ್ದನ್ನೂ ನೋಡಿದ್ದೇನೆ, ನಮ್ಮಂಥವರು ನಿಧಾನಕ್ಕೆ ಮಾತಾಡಿ 7 ತಗೊಂಡಿದ್ದನ್ನೂ ನೋಡಿದ್ದೇನೆ. ಒಂದು ಲೆಕ್ಕದಲ್ಲಿ ನಮಗೆ ಅನುಕೂಲವೇ ಇದೆ. ನಮ್ಮ ತಪ್ಪುಗಳು ಎಲ್ಲಿಂದ ಬರುತ್ತವೆ ಅಂತ ನಮಗೆ ಕಾಣುತ್ತದೆ. ನಾವು ಮಾಡುವ ತಪ್ಪುಗಳಲ್ಲಿ ಮುಕ್ಕಾಲುಪಾಲು ಕನ್ನಡದಲ್ಲಿ ಸರಿಯಾಗಿರುವ ವಾಕ್ಯವೇ, ಬಟ್ಟೆ ಮಾತ್ರ ಇಂಗ್ಲಿಷ್.

ನೋಡಿ, "ಎರಡು ವರ್ಷದಿಂದ ಕೆಲಸ ಮಾಡ್ತಿದ್ದೀನಿ" ಅನ್ನುವುದು "ಐ ಆ್ಯಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್" ಆಗುತ್ತದೆ. ಬೇಕಾದದ್ದು "ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೂ ಇಯರ್ಸ್". "ಇವತ್ತೇ ಬಂದೆ" ಅನ್ನುವುದು "ಟುಡೇ ಓನ್ಲಿ ಐ ಕೇಮ್" ಆಗುತ್ತದೆ, ಆ "ಓನ್ಲಿ" ನಮ್ಮ "ಏ"ಕಾರ. "ಸಣ್ಣ ಸಣ್ಣ ಅಂಗಡಿಗಳು" ಅನ್ನುವುದು "ಸ್ಮಾಲ್ ಸ್ಮಾಲ್ ಶಾಪ್ಸ್". "ಹೋಗಿ ಬರ್ತೀನಿ" ಅನ್ನುವುದು "ಐ ವಿಲ್ ಗೋ ಅಂಡ್ ಕಮ್". ಬೆಂಗಳೂರಲ್ಲಿ ಇದೆಲ್ಲ ಚೆನ್ನಾಗಿ ನಡೆಯುತ್ತದೆ, ಯಾರೂ ತಪ್ಪು ಅನ್ನುವುದಿಲ್ಲ. ಪರೀಕ್ಷೆಯಲ್ಲಿ ಗ್ರಾಮರ್ ಅಂಕ ಸೋರುವ ತೂತುಗಳು ಇವೇ. ಒಂದು ಚಿಕ್ಕ ನೋಟ್‌ಬುಕ್ ಇಟ್ಟು ನಿಮ್ಮದೇ ತೂತುಗಳ ಪಟ್ಟಿ ಮಾಡಿ. ನನ್ನದರಲ್ಲಿ 23 ಇದ್ದವು.

ಎಷ್ಟು ತಿಂಗಳು ಓದಬೇಕು?

ಮೊದಲು ಒಂದು ಹಳೇ ಪ್ರಶ್ನೆಪತ್ರಿಕೆ ತಗೊಂಡು, ಫೋನ್ ಆಫ್ ಮಾಡಿ, ಟೈಮ್ ಇಟ್ಟುಕೊಂಡು ಪೂರ್ತಿ ಬರೆಯಿರಿ. ಕೇಂಬ್ರಿಡ್ಜ್‌ನವರೇ ಹೊರತರುವ ಪತ್ರಿಕೆಗಳ ಪುಸ್ತಕ ಸಿಗುತ್ತದೆ, ಅದೇ ಒಳ್ಳೇದು. ಆ ಅಂಕಕ್ಕೂ ನಿಮಗೆ ಬೇಕಾದ್ದಕ್ಕೂ ಅರ್ಧ ಬ್ಯಾಂಡ್ ವ್ಯತ್ಯಾಸ ಇದ್ದರೆ ಎರಡು ತಿಂಗಳು ದಿನಾ ಒಂದೂವರೆ ಗಂಟೆ ನನ್ನ ಪ್ರಕಾರ ಸಾಕು. ಒಂದೂವರೆ ಬ್ಯಾಂಡ್ ವ್ಯತ್ಯಾಸ ಇದ್ದರೆ ಅದು ಪರೀಕ್ಷೆಯ ತಯಾರಿ ಅಲ್ಲ, ಇಂಗ್ಲಿಷ್ ಕಲಿಯುವ ಕೆಲಸ. ಆರೇಳು ತಿಂಗಳು ಇಟ್ಟುಕೊಳ್ಳಿ. "15 ದಿನದಲ್ಲಿ 8 ಬ್ಯಾಂಡ್" ಅನ್ನುವ ಬೋರ್ಡ್ ನೋಡಿದರೆ ನಕ್ಕು ಮುಂದೆ ಹೋಗಿ.

ಕೋಚಿಂಗ್ ಸೇರಬೇಕಾ?

ರೈಟಿಂಗ್ ತಿದ್ದಿಕೊಡುವವರು ಬೇಕು, ಸ್ಪೀಕಿಂಗ್‌ಗೆ ಎದುರು ಕೂರುವವರು ಬೇಕು. ಮಿಕ್ಕಿದ್ದಕ್ಕೆ ಬೇಡ. ನಾನು ಸೇರಿದ್ದ ಕಡೆ ತಿಂಗಳಿಡೀ 40 ರೆಡಿಮೇಡ್ ಪ್ರಬಂಧ ಬಾಯಿಪಾಠ ಮಾಡಿಸಿದರು. ಒಂದೇ ಒಂದನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡಲಿಲ್ಲ. ಸೇರುವ ಮುನ್ನ ಒಂದೇ ಪ್ರಶ್ನೆ ಕೇಳಿ: "ವಾರಕ್ಕೆ ನನ್ನ ಎಷ್ಟು ಪ್ರಬಂಧ ತಿದ್ದುತ್ತೀರಿ?" ಉತ್ತರ ತೊದಲಿದರೆ ಅಲ್ಲಿಂದ ಎದ್ದು ಬನ್ನಿ.

ಲಿಸನಿಂಗ್‌ನಲ್ಲಿ ಅವರ ಮಾತೇ ಹಿಡಿಯಲು ಆಗುವುದಿಲ್ಲ. ಏನು ಮಾಡಲಿ?

ನಾಲ್ಕು ಭಾಗ, 40 ಪ್ರಶ್ನೆ, ಆಡಿಯೋ ಒಂದೇ ಸಲ. ಮೊದಲನೆಯದು ಫೋನಲ್ಲಿ ಏನೋ ಬುಕ್ ಮಾಡುವಂಥ ಸಂಭಾಷಣೆ, ಕೊನೆಯದು ಕಾಲೇಜಿನ ಲೆಕ್ಚರ್. ಹೋಗ್ತಾ ಹೋಗ್ತಾ ಕಷ್ಟ ಆಗುತ್ತದೆ. ಬ್ರಿಟಿಷ್, ಆಸ್ಟ್ರೇಲಿಯನ್, ನ್ಯೂಜಿಲೆಂಡ್, ಉತ್ತರ ಅಮೆರಿಕದ ಉಚ್ಚಾರ ಎಲ್ಲ ಬರುತ್ತವೆ.

ಕಿವಿ ಪಳಗಿಸಲು ನನಗೆ ಸಹಾಯ ಆಗಿದ್ದು ಕ್ರಿಕೆಟ್. ಆಸ್ಟ್ರೇಲಿಯಾದಲ್ಲಿ ಟೆಸ್ಟ್ ನಡೆಯುವಾಗ ಅಲ್ಲಿನ ಇಂಗ್ಲಿಷ್ ಕಾಮೆಂಟರಿ ಹಾಕಿ, ಪರದೆ ನೋಡದೆ ಬರೀ ಕೇಳುತ್ತಿದ್ದೆ. ವಿಷಯ ಗೊತ್ತಿರುವುದರಿಂದ ಮಾತು ತಾನಾಗೇ ಬಿಡಿಸಿಕೊಳ್ಳುತ್ತದೆ. ಕ್ರಿಕೆಟ್ ಆಗದವರಿಗೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್ ಇದೆ, ಪುಕ್ಕಟೆ.

ಅಂಕ ಕಳೆಯುವುದು ಮಾತ್ರ ಸಣ್ಣ ವಿಷಯಗಳಲ್ಲಿ. ಫಿಫ್ಟೀನ್ ಮತ್ತು ಫಿಫ್ಟಿ. ಸೊನ್ನೆಗೆ ಅವರು "ಓ" ಅನ್ನುವುದು. ಮೊದಲು ಒಂದು ದಿನ ಹೇಳಿ, ಆಮೇಲೆ "ಅಯ್ಯೋ ಇಲ್ಲ, ಗುರುವಾರ" ಅಂತ ಬದಲಾಯಿಸುವುದು. ಈ ಕುತಂತ್ರ ಮೊದಲ ಭಾಗದಲ್ಲೇ ಇರುತ್ತದೆ. ಎರಡು ಪದ ಮೀರಬಾರದು ಅಂದಲ್ಲಿ ಮೂರು ಬರೆದರೆ ಸೊನ್ನೆ. ಕಡೆಯ "ಎಸ್" ಬಿಟ್ಟರೆ ಸೊನ್ನೆ. ಕನ್ನಡದಲ್ಲಿ "ಹತ್ತು ಪುಸ್ತಕ ತಂದೆ" ಅಂದರೆ ಸಾಕು, "ಗಳು" ಬೇಕಾಗಿಲ್ಲ. ಅದಕ್ಕೇ ಆ "ಎಸ್" ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಇನ್ನೊಂದು. ಒಂದು ಉತ್ತರ ತಪ್ಪಿಹೋದರೆ ಬಿಟ್ಟುಬಿಡಿ. ನಾನು ಒಂದು ಬೀದಿಯ ಹೆಸರಿನ ಸ್ಪೆಲಿಂಗ್ ಯೋಚಿಸುತ್ತಾ ಕೂತು ಮುಂದಿನ ಮೂರು ಕಳೆದುಕೊಂಡೆ. ಹೋದ ಬಸ್ಸಿಗೆ ಕೈ ಅಡ್ಡ ಹಾಕುತ್ತಾ ನಿಂತರೆ ಹಿಂದೆ ಬರುವ ಬಸ್ಸೂ ಹೋಗುತ್ತದೆ.

40ರಲ್ಲಿ ಎಷ್ಟು ಸರಿ ಇದ್ದರೆ 7?

ಲಿಸನಿಂಗ್‌ನಲ್ಲೂ ಅಕಾಡೆಮಿಕ್ ರೀಡಿಂಗ್‌ನಲ್ಲೂ ಸುಮಾರು 30 ಸರಿ ಇದ್ದರೆ 7, 23ಕ್ಕೆ 6, 35ಕ್ಕೆ 8. ಜನರಲ್ ರೀಡಿಂಗ್ ಓದಲು ಸುಲಭ, ಹಾಗಾಗಿ 7ಕ್ಕೆ 34 ಸರಿ ಬೇಕು. ಪತ್ರಿಕೆಯಿಂದ ಪತ್ರಿಕೆಗೆ ಒಂದೆರಡು ಆಚೀಚೆ ಆಗುತ್ತದೆ. ನೆಗೆಟಿವ್ ಮಾರ್ಕಿಂಗ್ ಇಲ್ಲ, ಒಂದು ಗೆರೆಯನ್ನೂ ಖಾಲಿ ಬಿಡಬೇಡಿ.

ಟ್ರೂ, ಫಾಲ್ಸ್, ನಾಟ್ ಗಿವನ್‌ನಲ್ಲಿ ಯಾವಾಗಲೂ ತಪ್ಪುತ್ತದೆ.

ಎಲ್ಲರಿಗೂ. ರೀಡಿಂಗ್ ಭಾಗದಲ್ಲಿ ಒಂದು ಪಾಠ ಕೊಟ್ಟು, ಹೇಳಿಕೆ ಆ ಪಾಠದ ಪ್ರಕಾರ ಸರಿಯಾ, ತಪ್ಪಾ, ಪಾಠದಲ್ಲಿ ಆ ವಿಷಯವೇ ಇಲ್ಲವಾ ಅಂತ ಕೇಳುವ ಪ್ರಶ್ನೆ ಇದು. ನಮ್ಮ ಕಡೆಯದೇ ಒಂದು ಉದಾಹರಣೆ ತಗೊಳ್ಳೋಣ. ಪಾಠದಲ್ಲಿ ಹೀಗಿದೆ ಅಂತಿಟ್ಟುಕೊಳ್ಳಿ: "1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಕಳಿಸಲಾಯಿತು." ಈಗ ಮೂರು ಹೇಳಿಕೆ.

"ಶಿವನಸಮುದ್ರದ ವಿದ್ಯುತ್ ಗಣಿಗಾರಿಕೆಗೆ ಬಳಕೆಯಾಯಿತು" ಅಂದರೆ ಟ್ರೂ. "1902ರಲ್ಲಿ ಶಿವನಸಮುದ್ರದಲ್ಲಿ ಇನ್ನೂ ವಿದ್ಯುತ್ ತಯಾರಾಗುತ್ತಿರಲಿಲ್ಲ" ಅಂದರೆ ಪಾಠ ಅದಕ್ಕೆ ಉಲ್ಟಾ ಹೇಳುತ್ತದೆ, ಫಾಲ್ಸ್. "1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂತು"? ಇದು ನಿಜ. ನಿಮಗೂ ಗೊತ್ತು, ನನಗೂ ಗೊತ್ತು, ಕೆಪಿಎಸ್ಸಿಗೆ ಓದಿದವರಿಗಂತೂ ನಿದ್ದೆಯಲ್ಲೂ ಗೊತ್ತು. ಆದರೆ ಪಾಠದಲ್ಲಿ ಇಲ್ಲ. ಉತ್ತರ ನಾಟ್ ಗಿವನ್. ನಮ್ಮ ಜನರಲ್ ನಾಲೆಡ್ಜ್ ಮನೇಲಿ ಬಿಟ್ಟು ಹೋಗಬೇಕಾದ ಏಕೈಕ ಪರೀಕ್ಷೆ ಇದು.

ಸಮಯದ ಬಗ್ಗೆ: ಮೂರು ಪಾಠಕ್ಕೆ 60 ನಿಮಿಷ, ಉತ್ತರ ಇಳಿಸಲು ಬೇರೆ ಸಮಯ ಕೊಡುವುದಿಲ್ಲ. ಮೂರನೆಯದೇ ಕಷ್ಟದ್ದು. ಮೊದಲನೆಯದನ್ನು 15 ನಿಮಿಷದಲ್ಲಿ ಮುಗಿಸಿದರೆ ಕೊನೆಯದಕ್ಕೆ ಉಸಿರು ಉಳಿಯುತ್ತದೆ.

ರೈಟಿಂಗ್ 6ರಿಂದ ಮೇಲೆ ಏಳುವುದೇ ಇಲ್ಲ, ಯಾಕೆ?

ಅತಿ ಜಾಸ್ತಿ ಬರುವ ಪ್ರಶ್ನೆ ಇದು, ಸ್ವಲ್ಪ ಕೂತು ಹೇಳುತ್ತೇನೆ.

ಎರಡು ಟಾಸ್ಕ್. ಮೊದಲನೆಯದು ಕನಿಷ್ಠ 150 ಪದ (ಅಕಾಡೆಮಿಕ್ ಆದರೆ ಗ್ರಾಫ್ ಥರದ್ದರ ವಿವರಣೆ, ಜನರಲ್ ಆದರೆ ಪತ್ರ), ಎರಡನೆಯದು ಕನಿಷ್ಠ 250 ಪದದ ಪ್ರಬಂಧ, ಎರಡನೆಯದಕ್ಕೆ ಎರಡರಷ್ಟು ತೂಕ. ನೋಡುವುದು ನಾಲ್ಕು ವಿಷಯ: ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಾ, ಮಾತು ಒಂದಕ್ಕೊಂದು ಕೂಡಿಕೊಂಡಿದೆಯಾ, ಪದಗಳು ಹೇಗಿವೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮ ಪಾಲು. ಅಂದರೆ ವ್ಯಾಕರಣ ಒಂದೇ ಸರಿಯಿದ್ದರೆ ಕಾಲು ಭಾಗ ಮಾತ್ರ ಸರಿ.

ನನ್ನ ಮೊದಲ ಸಲದ ಪ್ರಬಂಧ ಹೀಗಿತ್ತು. ಹಳೇ ಕಟ್ಟಡಗಳನ್ನು ಕಾಪಾಡಲು ಸರ್ಕಾರ ದುಡ್ಡು ಹಾಕಬೇಕಾ, ಆ ದುಡ್ಡಲ್ಲಿ ಹೊಸ ಮನೆ ಕಟ್ಟಬೇಕಾ ಅಂತ ಕೇಳಿದ್ದರು. ನನ್ನ ತಲೆಯಲ್ಲಿ ಟೂರಿಸಂ ಬಗ್ಗೆ ಒಂದು ಬಾಯಿಪಾಠದ ಪ್ರಬಂಧ ಕೂತಿತ್ತು. ಅದನ್ನೇ ಎಳೆದು ತಂದು ಹಾಕಿದೆ. "ಇನ್ ದಿಸ್ ಮಾಡರ್ನ್ ಎರಾ ಆಫ್ ಗ್ಲೋಬಲೈಸೇಶನ್" ಅಂತ ಶುರು, "ಪ್ಲೇಸ್ ಎ ವೈಟಲ್ ರೋಲ್" ಮಧ್ಯದಲ್ಲಿ, "ಎವೆರಿ ಕಾಯಿನ್ ಹ್ಯಾಸ್ ಟೂ ಸೈಡ್ಸ್" ಕೊನೆಯಲ್ಲಿ. ಹೊಸ ಮನೆ ವಿಷಯ ಒಂದೇ ಸಾಲು. ಮದುವೆ ಮನೆಗೆ ಹೋಗಿ ಗೃಹಪ್ರವೇಶದ ಮಂತ್ರ ಹೇಳಿದಂತೆ. ಮೌಲ್ಯಮಾಪಕರು ದಿನಾ ಇದೇ ವಾಕ್ಯ ನೋಡುತ್ತಾರೆ, ಬಾಯಿಪಾಠ ಅಂತ ಗುರುತಿಸುವುದು ಅವರಿಗೆ ಕಷ್ಟವೇನಲ್ಲ.

ಎರಡನೇ ಸಲಕ್ಕೆ ಮಾಡಿದ್ದು ಇಷ್ಟು. ಪ್ರಶ್ನೆ ನೋಡಿದ ತಕ್ಷಣ ಬರೆಯದೆ ಐದು ನಿಮಿಷ ಕನ್ನಡದಲ್ಲೇ ಯೋಚಿಸುತ್ತಿದ್ದೆ. ಅಪ್ಪನಿಗೆ ಜಗಲಿ ಮೇಲೆ ಕೂತು ಇದನ್ನು ಹೇಳಬೇಕಾದರೆ ಏನು ಹೇಳುತ್ತಿದ್ದೆ? "ಅಪ್ಪಾ, ಹಳೇ ಕಟ್ಟಡ ಬಿದ್ದರೆ ಮತ್ತೆ ಕಟ್ಟಕ್ಕಾಗಲ್ಲ, ಮನೆ ಎಲ್ಲಿ ಬೇಕಾದ್ರೂ ಕಟ್ಟಬಹುದು." ಅಷ್ಟೇ ನನ್ನ ವಾದ. ಅದನ್ನು ಸರಳ ಇಂಗ್ಲಿಷ್‌ನಲ್ಲಿ ಇಳಿಸಿ, ಎರಡು ಕಾರಣ, ಒಂದೊಂದಕ್ಕೂ ಒಂದು ಉದಾಹರಣೆ. ಆಕಡೆಯವರು ಏನನ್ನುತ್ತಾರೆ ಅನ್ನುವುದೂ ಎರಡು ಸಾಲು. ಯೋಚನೆ ಕನ್ನಡದಲ್ಲಿ ಮಾಡಬೇಡಿ ಅಂತ ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ವಿಚಾರ ಕನ್ನಡದಲ್ಲಿ ಬರಲಿ, ವಾಕ್ಯ ಮಾತ್ರ ಕನ್ನಡದಿಂದ ಪದಕ್ಕೆ ಪದ ಇಳಿಸಬೇಡಿ. ಹಾಗೆ 6 ಹೋಗಿ 7 ಆಯಿತು.

ಇನ್ನು "ಎ" ಮತ್ತು "ದಿ" ವಿಷಯ. ಕನ್ನಡದಲ್ಲಿ ಇವಿಲ್ಲ, ಅದಕ್ಕೇ ನಮಗೆ ಬರುವುದಿಲ್ಲ ಅಂತಾರೆ. ಅಜ್ಜಿ ಕತೆ ನೆನಪಿಸಿಕೊಳ್ಳಿ. "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಜನ ಹೆಂಡಿರು." ಮೊದಲ ಸಲ ಬಂದಾಗ "ಒಬ್ಬ", ಎರಡನೇ ಸಲ "ಆ". ಮೊದಲನೆಯದು "ಎ", ಎರಡನೆಯದು "ದಿ". ಎಲ್ಲ ಕಡೆ ಈ ಲೆಕ್ಕ ನಡೆಯುವುದಿಲ್ಲ, ಆದರೆ ಅರ್ಧಕ್ಕರ್ಧ ತಪ್ಪು ಇದರಲ್ಲೇ ಹೋಗುತ್ತದೆ.

ಗ್ರಾಫ್ ಬಗ್ಗೆ ಬರೆಯುವಾಗ ಲಕ್ಷ, ಕೋಟಿ ಬಳಸಬಹುದಾ?

ಬೇಡ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 6.1 ಕೋಟಿ ಅನ್ನುವುದನ್ನು 61 ಮಿಲಿಯನ್ ಅಂತ ಹೇಳಿ ರೂಢಿ ಮಾಡಿಕೊಳ್ಳಿ. ಗ್ರಾಫ್‌ನಲ್ಲಿ ಇರುವ ಪ್ರತಿ ಅಂಕಿಯನ್ನೂ ರೇಷನ್ ಕಾರ್ಡ್ ಓದಿದಂತೆ ಓದಬೇಡಿ. ದೊಡ್ಡದಾಗಿ ಏನು ಏರಿತು, ಏನು ಇಳಿಯಿತು ಅಂತ ಮೊದಲು ಎರಡು ಸಾಲಲ್ಲಿ ಹೇಳಿಬಿಡಿ. ಯಾಕೆ ಏರಿತು ಅಂತ ನಿಮ್ಮ ಊಹೆ ಸೇರಿಸಬೇಡಿ, ಅದನ್ನು ಯಾರೂ ಕೇಳಿಲ್ಲ.

ಜನರಲ್‌ನಲ್ಲಿ ಲೆಟರ್ ಸುಲಭ ಅಲ್ವಾ?

ಸುಲಭ, ಸ್ಕೂಲಿನ ರಜಾ ಅರ್ಜಿ ಮರೆತರೆ. ಗೆಳೆಯನಿಗೆ ಬರೆಯಿರಿ ಅಂದರೆ "ರೆಸ್ಪೆಕ್ಟೆಡ್ ಫ್ರೆಂಡ್" ಅಂತ ಶುರು ಮಾಡಿ, "ಐ ಆ್ಯಮ್ ಫೈನ್ ಹಿಯರ್, ಹೋಪ್ ಯು ಆರ್ ಫೈನ್ ದೇರ್" ಅಂತ ಬರೆದವರನ್ನು ನೋಡಿದ್ದೇನೆ. ಅದು "ನಾನಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ" ಅನ್ನುವುದರ ಇಂಗ್ಲಿಷ್ ಅವತಾರ. ಯಾರಿಗೆ ಬರೆಯುತ್ತಿದ್ದೀರಿ ಅನ್ನುವುದರ ಮೇಲೆ ಧಾಟಿ ಬದಲಾಗಬೇಕು. ಪ್ರಶ್ನೆಯಲ್ಲಿ ಮೂರು ಅಂಶ ಕೊಟ್ಟಿರುತ್ತಾರೆ, ಮೂರನ್ನೂ ಮುಟ್ಟಬೇಕು.

ನನ್ನ ಉಚ್ಚಾರ ಪಕ್ಕಾ ನಮ್ಮೂರಿನದು. ಸ್ಪೀಕಿಂಗ್‌ನಲ್ಲಿ ಅಂಕ ಹೋಗುತ್ತದಾ?

ನಿಮ್ಮ ಊರಿನ ಧಾಟಿಗೆ ಅಂಕ ಹೋಗುವುದಿಲ್ಲ. ಮಾತು ಅರ್ಥವಾಗದಿದ್ದರೆ ಹೋಗುತ್ತದೆ. ದಯವಿಟ್ಟು ಬಾಯಿ ಸೊಟ್ಟ ಮಾಡಿ ಅಮೆರಿಕನ್ ಆಗಲು ಹೋಗಬೇಡಿ, ಎರಡು ನಿಮಿಷಕ್ಕೆ ಬಣ್ಣ ಬಿಡುತ್ತದೆ.

ಆದರೆ ನಾಲ್ಕು ಜಾಗದಲ್ಲಿ ಹುಷಾರು. ಪದದ ಕೊನೆಗೆ ನಾವು "ಉ" ಅಂಟಿಸುತ್ತೇವೆ: ಬಸ್ಸು, ಬುಕ್ಕು, ಲೈಟು. ಮೊದಲ "ಎ"ಗೆ "ಯ", "ಓ"ಗೆ "ವ" ಸೇರಿಸುತ್ತೇವೆ, ಎಗ್ ಹೋಗಿ ಯೆಗ್ ಆಗುತ್ತದೆ, ಓನ್ಲಿ ಹೋಗಿ ವೋನ್ಲಿ ಆಗುತ್ತದೆ. "ಝೀರೋ" ನಮ್ಮ ಬಾಯಲ್ಲಿ "ಜೀರೋ". ಇನ್ನು ನಮ್ಮ ಹಳೇ ಮೈಸೂರು ಕಡೆಯವರಿಗೆ "ಹ" ಒಂದು ದೊಡ್ಡ ತಲೆನೋವು, ಹಾಲು ಆಲಾದಂತೆ ಹಾರ್ಟ್ ಹೋಗಿ ಆರ್ಟ್ ಆಗುತ್ತದೆ. "ಮೈ ಫಾದರ್ ಹ್ಯಾಸ್ ಆರ್ಟ್ ಪ್ರಾಬ್ಲಮ್" ಅಂದರೆ ಅವರು ಚಿತ್ರಕಾರ ಅಂದುಕೊಂಡಾರು. ಫೋನಲ್ಲಿ ನಿಮ್ಮ ಮಾತು ರೆಕಾರ್ಡ್ ಮಾಡಿ ಕೇಳಿ. ಮೊದಲ ದಿನ ನಾಚಿಕೆ ಆಗುತ್ತದೆ, ಪರವಾಗಿಲ್ಲ.

ಮಾತಿನ ಮಧ್ಯೆ ಪದ ಸಿಗದಿದ್ದರೆ?

ಸುತ್ತಿ ಬಳಸಿ ಹೇಳಿ. ಹಾಗೆ ಹೇಳುವುದೂ ಭಾಷೆ ಬಲ್ಲವರ ಲಕ್ಷಣವೇ.

ಸ್ಪೀಕಿಂಗ್‌ನ ಎರಡನೇ ಭಾಗದಲ್ಲಿ ವಿಷಯ ಬರೆದ ಒಂದು ಕಾರ್ಡ್ ಕೊಡುತ್ತಾರೆ. ಒಂದು ನಿಮಿಷ ಯೋಚನೆಗೆ, ಆಮೇಲೆ ಒಂದರಿಂದ ಎರಡು ನಿಮಿಷ ನೀವೇ ಮಾತಾಡಬೇಕು. ನನಗೆ ಬಂದಿದ್ದು ನೀರಿನ ಪಕ್ಕದ ಒಂದು ಜಾಗದ ಬಗ್ಗೆ. ಬೇರೆಯವರಾದರೆ ಗೋವಾ ಬೀಚ್ ಹೇಳುತ್ತಿದ್ದರೇನೋ, ನನಗೆ ಬಂದಿದ್ದು ನಮ್ಮೂರ ಕೆರೆ ಏರಿ. ಹೇಳಲು ಶುರು ಮಾಡಿದ ಮೇಲೆ ಗೊತ್ತಾಯಿತು, ಏರಿಗೆ ಇಂಗ್ಲಿಷ್ ಪದ ಗೊತ್ತಿಲ್ಲ, ತೂಬಿಗೆ ಗೊತ್ತಿಲ್ಲ, ಕೋಡಿಗೆ ಅಂತೂ ಗೊತ್ತೇ ಇಲ್ಲ. ಬೆನ್ನಲ್ಲಿ ಬೆವರು. ಆಮೇಲೆ ಹೀಗೆ ಹೇಳಿದೆ: ಕೆರೆಗೆ ಒಂದು ಉದ್ದದ ಮಣ್ಣಿನ ಗೋಡೆ ಇದೆ, ನಾವು ಅದರ ಮೇಲೆ ನಡೆದು ಸ್ಕೂಲಿಗೆ ಹೋಗುತ್ತಿದ್ದೆವು. ಮಳೆ ಜೋರಾದ ವರ್ಷ ಕೆರೆ ತುಂಬಿ ಹೆಚ್ಚಾದ ನೀರು ಒಂದು ಮೂಲೆಯಿಂದ ತಾನಾಗೇ ಹೊರಗೆ ಹರಿಯುತ್ತದೆ, ಆ ದಿನ ಊರಿಗೆ ಊರೇ ನೋಡಲು ಬರುತ್ತದೆ, ಹೆಂಗಸರು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟು ನೀರಿಗೆ ಬಿಡುತ್ತಾರೆ. ಎದುರಿನ ಮೇಡಂ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಮೂರನೇ ಭಾಗದಲ್ಲಿ ನಗರದ ಕೆರೆಗಳ ಬಗ್ಗೆಯೇ ಕೇಳಿದರು, ನಾನು ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಬಗ್ಗೆ ಹೇಳಿದೆ. ಆ ಸಲ ಸ್ಪೀಕಿಂಗ್ 7.5. ಕೋಡಿಗೆ ಇಂಗ್ಲಿಷ್‌ನಲ್ಲಿ ಏನನ್ನುತ್ತಾರೆ ಅಂತ ಮನೆಗೆ ಬಂದು ಹುಡುಕಿದೆ, ಗೊತ್ತಿಲ್ಲದಿದ್ದದ್ದೇ ಒಳ್ಳೇದಾಯಿತು ಅನಿಸಿತು.

ಸುಳ್ಳು ಹೇಳಬಹುದಾ?

ಹೇಳಬಹುದು. ನೀವು ನಿಜ ಹೇಳುತ್ತೀರಾ ಅಂತ ಯಾರೂ ಪರೀಕ್ಷೆ ಮಾಡುವುದಿಲ್ಲ. ಆದರೆ ಸುಳ್ಳಿಗೆ ನೆನಪಿನ ಶಕ್ತಿ ಬೇಕು, ಅದೂ ಇಂಗ್ಲಿಷ್‌ನಲ್ಲಿ. ಕಂಡದ್ದನ್ನೇ ಹೇಳುವುದು ಸುಲಭ.

ಕಂಪ್ಯೂಟರ್‌ನಲ್ಲಿ ಬರೆಯುವುದು ಒಳ್ಳೇದಾ?

ಈಗ ಹೆಚ್ಚಿನವರು ಕಂಪ್ಯೂಟರ್‌ನಲ್ಲೇ ಬರೆಯುತ್ತಾರೆ. ರಿಸಲ್ಟ್ ಬೇಗ ಬರುತ್ತದೆ, ಪದಗಳ ಲೆಕ್ಕ ಪರದೆ ಮೇಲೇ ಕಾಣುತ್ತದೆ, ಪ್ಯಾರಾ ಆಚೀಚೆ ಮಾಡಬಹುದು. ಆದರೆ ತಪ್ಪು ಸ್ಪೆಲಿಂಗ್ ಕೆಳಗೆ ಕೆಂಪು ಗೆರೆ ಬರುವುದಿಲ್ಲ. ಫೋನಿನಲ್ಲಿ ಹೆಬ್ಬೆರಳಲ್ಲೇ ಜೀವನ ಮಾಡಿದವರು ಒಂದು ತಿಂಗಳು ಕೀಬೋರ್ಡ್ ಕುಟ್ಟಿ. ಲಿಸನಿಂಗ್ ಕೊನೆಗೆ ಪೇಪರ್‌ನಲ್ಲಿ ಉತ್ತರ ಇಳಿಸಲು 10 ನಿಮಿಷ ಕೊಡುತ್ತಿದ್ದರು, ಕಂಪ್ಯೂಟರ್‌ನಲ್ಲಿ ನೋಡಿಕೊಳ್ಳಲು 2 ನಿಮಿಷ ಮಾತ್ರ.

ಪರೀಕ್ಷೆ ದಿನ ಏನೇನು ಬೇಕು?

ಪಾಸ್‌ಪೋರ್ಟ್. ಆಧಾರ್ ಕಾರ್ಡ್ ನಡೆಯುವುದಿಲ್ಲ. ಬುಕ್ ಮಾಡುವಾಗ ಕೊಟ್ಟ ಪಾಸ್‌ಪೋರ್ಟನ್ನೇ ತನ್ನಿ. ನಮ್ಮಲ್ಲಿ ಇನಿಷಿಯಲ್ ಗಲಾಟೆ ಬೇರೆ, ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ತುಂಬಿ. ವಾಚು, ಫೋನು ಒಳಗೆ ಬಿಡುವುದಿಲ್ಲ. ಬೇರೆ ಊರಿಂದ ಬೆಂಗಳೂರಿಗೆ ಬರುವವರು ಹಿಂದಿನ ದಿನವೇ ಬಂದು ಉಳಿಯಿರಿ. ರಾತ್ರಿ ಬಸ್ಸಿಳಿದು ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ನೇರ ಲಿಸನಿಂಗ್‌ಗೆ ಕೂತರೆ ಹೆಡ್‌ಫೋನಿನಲ್ಲೂ ಬಸ್ಸಿನ ಸದ್ದೇ ಕೇಳುತ್ತದೆ.

ಒಂದೇ ಭಾಗದಲ್ಲಿ ಕಡಿಮೆ ಬಂದರೆ ಮತ್ತೆ ಎಲ್ಲ ಬರೆಯಬೇಕಾ?

ಈಗ ಬೇಕಿಲ್ಲ. ಕಂಪ್ಯೂಟರ್‌ನಲ್ಲಿ ಬರೆದವರಿಗೆ ವನ್ ಸ್ಕಿಲ್ ರೀಟೇಕ್ ಇದೆ, ಮೊದಲ ಪರೀಕ್ಷೆಯಿಂದ 60 ದಿನದೊಳಗೆ ಒಂದು ಭಾಗ ಮಾತ್ರ ಮತ್ತೆ ಬರೆಯಬಹುದು, ಒಂದೇ ಸಲ. ಆದರೆ ಎಲ್ಲರೂ ಅದನ್ನು ಒಪ್ಪುವುದಿಲ್ಲ, ದುಡ್ಡು ಕಟ್ಟುವ ಮೊದಲು ಯೂನಿವರ್ಸಿಟಿಗೋ ವಲಸೆ ಇಲಾಖೆಗೋ ಬರೆದು ಕೇಳಿ. ನನ್ನ ಕಾಲಕ್ಕೆ ಇದಿರಲಿಲ್ಲ, ನಾಲ್ಕನ್ನೂ ಮತ್ತೆ ಬರೆದೆ.

ಅಂಕ ಸರಿ ಹಾಕಿಲ್ಲ ಅನಿಸಿದರೆ ಆರು ವಾರದೊಳಗೆ ಮರುಮೌಲ್ಯಮಾಪನ ಕೇಳಬಹುದು. ಬ್ಯಾಂಡ್ ಬದಲಾದರೆ ಆ ಫೀಸು ವಾಪಸ್. ಬೇಕಾದ್ದಕ್ಕಿಂತ ಅರ್ಧ ಮಾತ್ರ ಕಡಿಮೆ ಇದ್ದು, ಅದೂ ರೈಟಿಂಗ್‌ನಲ್ಲೋ ಸ್ಪೀಕಿಂಗ್‌ನಲ್ಲೋ ಆದರೆ ಕೇಳಿ ನೋಡಿ. ಲಿಸನಿಂಗ್, ರೀಡಿಂಗ್‌ಗೆ ಕೇಳುವುದು ಸುಮ್ನೆ ದಂಡ, ಅಲ್ಲಿ ಸರಿ ಉತ್ತರ ಸರಿ, ತಪ್ಪು ತಪ್ಪು.

ಸ್ಕೋರ್ ಎಷ್ಟು ದಿನ ನಡೆಯುತ್ತದೆ?

ಎರಡು ವರ್ಷ. ಬೇಗ ಬರೆದಿಟ್ಟುಕೊಂಡರೆ ಆಯ್ತಲ್ಲ ಅಂತ ಡಿಗ್ರಿ ಎರಡನೇ ವರ್ಷದಲ್ಲೇ ಬರೆಯಬೇಡಿ.

ವಾಟ್ಸ್ಆ್ಯಪ್‌ನಲ್ಲಿ ಒಬ್ಬರು ಪ್ರಶ್ನೆಪತ್ರಿಕೆ ಮೊದಲೇ ಕೊಡುತ್ತಾರಂತೆ, ನಿಜಾನಾ?

ಅವರಿಗೆ ಪತ್ರಿಕೆ ಸಿಗುವ ಹಾಗಿದ್ದರೆ ಮೊದಲು ಅವರೇ ಬರೆದು ಟೊರೊಂಟೊದಲ್ಲಿ ಇರುತ್ತಿದ್ದರು. ನಂಬರ್ ಬ್ಲಾಕ್ ಮಾಡಿ.